ಉಳಿಗೆ ಕೆಲಸವಿಲ್ಲ

ಅಪ್ಪನಿಗೆ ಮಗಳ ನಮಸ್ಕಾರ.

ನಿನ್ನೆ ಕಾರ್ಖಾನೆಯಲ್ಲಿ ಬಾಯ್ಲರ್ ಬಿಚ್ಚಿದರು. ನೀರಿನಲ್ಲಿ ಕರಗಿರುವ ಸುಣ್ಣ ಬಾಯ್ಲರ್ ಸೇರುವ ಮೊದಲೇ ಕರೆಂಟು ಹರಿಯುವ ತಗಡುಗಳಿಗೆ ಅಂಟಿಕೊಳ್ಳಲಿ ಎಂದು ಹೋದ ವರ್ಷ ನಾನು ಒಂದು ತೊಟ್ಟಿ ಮಾಡಿಸಿದ್ದೆನಲ್ಲ? "ಸುಣ್ಣ ಕರೆಂಟಿಗೆ ಹೆದರಿ ಓಡಿಹೋಗುತ್ತದೇನೇ, ಹುಚ್ಚಿ?" ಎಂದು ನೀವು ನಕ್ಕಿದ್ದಿರಿ.

ತಗಡಿಗೆ ಅಂಟಿದ ಸುಣ್ಣ ಉದುರಬೇಕಾದರೆ ದಿನಕ್ಕೊಮ್ಮೆ ಕರೆಂಟನ್ನು ದಿಕ್ಕು ತಿರುಗಿಸಿ ಹರಿಸಬೇಕು. ಪಾಪುಗೆ ಹಲ್ಲು ಬರುತ್ತಿದ್ದ ವಾರ ನಿದ್ದೆಗೆಟ್ಟ ಮಂಪರಿನಲ್ಲಿ ಆ ಕೆಲಸ ಮಾಡಿದೆನೋ ಬಿಟ್ಟೆನೋ ನನಗೇ ನೆನಪಿಲ್ಲ. ಬಾಯ್ಲರ್ ಮುಚ್ಚಳ ತೆಗೆಯುವಾಗ ನಾನು ಎಲ್ಲರ ಹಿಂದೆ ಹೋಗಿ ನಿಂತೆ. ಕೊಳವೆಗಳಿಗೆ ಸುಣ್ಣ ಕಟ್ಟಿದ್ದರೆ, ನೀವು ಇಪ್ಪತ್ತು ವರ್ಷ ಮಾಡಿದಂತೆ, ಯಾರಾದರೂ ಮೊಣಕಾಲೂರಿ ಒಳಗೆ ತೆವಳಿ ಉಳಿಯಿಂದ ಕೆತ್ತಬೇಕಿತ್ತು.

ನಿಮ್ಮ ಹಳೆಯ ಜೊತೆಗಾರ ಫೋರ್‌ಮನ್ ಮಾವ ದೀಪ ಹಿಡಿದು ಇಣುಕಿದರು. "ಏನಮ್ಮಾ, ಮಗು ಮುಖ ತೊಳೆದ ಹಾಗೆ ತೊಳೆದಿಟ್ಟಿದ್ದೀಯಲ್ಲ! ನಿಮ್ಮಪ್ಪನ ಉಳಿಗೆ ಇನ್ನೇನು ಕೆಲಸ ಇಲ್ಲಿ?" ಅಂದರು. ಮಸಿ ಒರೆಸಿಕೊಳ್ಳುವ ನೆಪದಲ್ಲಿ ನಾನು ಕಣ್ಣು ಒರೆಸಿಕೊಂಡೆ.

ನೀವು ಕೆಲಸ ಬಿಟ್ಟಾಗಿನಿಂದ ಮೊಳೆಗೆ ನೇತಾಡುತ್ತಿದ್ದ ಆ ಉಳಿಯನ್ನು ಅವರೇ ಬಿಚ್ಚಿಕೊಟ್ಟರು. ಪಾಪು ಕೈಗೆ ಸಿಗದಂತೆ ಬೀರುವಿನ ಮೇಲಿಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗಿ.

ಇನ್ನೊಂದು ಮಾತು, ನಗಬಾರದು. ಕಾರ್ಖಾನೆಯ ನೀರು ನೋಡಿಕೊಳ್ಳುವ ಭರದಲ್ಲಿ ಮನೆಯ ಕೆಟಲ್ ಒಳಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿದೆ. ಅದನ್ನು ಕುರ್ಚಿಯಲ್ಲಿ ಕೂತೇ ಕೆರೆಯಬಹುದು, ನಿಮ್ಮ ಮೊಣಕಾಲಿಗೆ ತೊಂದರೆಯಿಲ್ಲ. ಆದರೆ ಅದು ಆಮೇಲೆ. ಬಂದ ತಕ್ಷಣ ಪಾಪುವನ್ನು ಎತ್ತಿಕೊಳ್ಳಿ. ನಾನು ಎರಡು ಗಂಟೆ ಮಲಗಬೇಕು.

ನಿಮ್ಮ
ಹುಚ್ಚಿ