ಲ್ಯಾಮಿನೇಷನ್ ಮಾಡಿದ ಚೀಟಿ ನಡೆಯುವುದಿಲ್ಲವಂತೆ

ಗುರುತಿನ ಚೀಟಿ ಇಲಾಖೆಯ ನಿರ್ದೇಶಕರೇ,

ನಿಮ್ಮ ಕಚೇರಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಲ್ಯಾಮಿನೇಷನ್ ಅಂಗಡಿ ಇಟ್ಟುಕೊಂಡಿರುವವನು ನಾನು. ನೀವು ಒಂದು ನಿಯಮ ಮಾಡಿದಿರಿ, ಅದನ್ನು ಯಾರಿಗೂ ಹೇಳಲಿಲ್ಲ. ಹಾಗಾಗಿ ಕಳೆದ ತಿಂಗಳು ನನ್ನನ್ನು ವಿಮಾನ ಹತ್ತಲು ಬಿಡಲಿಲ್ಲ, ಅಕ್ಕನನ್ನು ಜೀವಂತವಾಗಿ ನೋಡುವುದು ನನಗೆ ಆಗಲಿಲ್ಲ. ವಿಷಯ ಇಷ್ಟೇ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಮಡಚಿ ಕಡತಕ್ಕೆ ಸೇರಿಸಬಹುದು. ನಿಮ್ಮಲ್ಲಿ ಕಡತಗಳಿಗೇನೂ ಬರವಿಲ್ಲ.

ಹತ್ತೊಂಬತ್ತು ವರ್ಷಗಳಿಂದ ನಿಮ್ಮ ಮೂರನೇ ಕಿಟಕಿಯಲ್ಲಿ ಚೀಟಿ ಪಡೆದವರು ನೆಟ್ಟಗೆ ನನ್ನ ಅಂಗಡಿಗೆ ಬರುತ್ತಾರೆ. ಅವರಾಗಿ ಬರುವುದಲ್ಲ, ನಿಮ್ಮ ಜವಾನರು ಕಳಿಸುತ್ತಾರೆ. "ಇದು ಬರೀ ಕಾಗದ ಕಣ್ರೀ, ನೀರು ಬಿದ್ರೆ ಹೋಯ್ತು. ಎದುರುಗಡೆ ಲ್ಯಾಮಿನೇಷನ್ ಮಾಡಿಸ್ಕೊಂಬಿಡಿ, ಮತ್ತೆ ಇಲ್ಲಿಗೆ ಬಂದು ಅಲೆಯೋ ಗೋಳು ತಪ್ಪತ್ತೆ" ಎಂದು ಅವರು ಹೇಳುವುದು ಯಂತ್ರದ ಸದ್ದಿನ ನಡುವೆಯೂ ನನಗೆ ಕೇಳಿಸುತ್ತದೆ. ನಾನು ಚೀಟಿಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಬಿಸಿ ಉರುಳೆಗೆ ಕೊಟ್ಟು, ಅಂಚು ಬಿಟ್ಟು ಕತ್ತರಿಸಿ, ಕೈಗೆ ಚುಚ್ಚದಂತೆ ಮೂಲೆಗಳನ್ನು ಗುಂಡಗೆ ಮಾಡಿ ಕೊಡುತ್ತೇನೆ. ನಿಮ್ಮ ಗುಮಾಸ್ತರದ್ದೂ ನಾನೇ ಮಾಡಿದ್ದು. ನಿಮ್ಮದನ್ನೂ ನಾನೇ ಮಾಡಿದ್ದು. ನಿಮ್ಮ ಚಾಲಕ ತಂದಿದ್ದರು, "ಸಾಹೇಬರದ್ದು, ಸ್ವಲ್ಪ ಚೆನ್ನಾಗಿ ಮಾಡಿ" ಅಂದಿದ್ದರು. ಚೆನ್ನಾಗಿಯೇ ಮಾಡಿದೆ.

ನನಗಿದ್ದವಳು ಒಬ್ಬಳೇ ಅಕ್ಕ, ಅವಳಿಗಿದ್ದವನು ನಾನೊಬ್ಬನೇ. ದೂರದ ಊರಿನಲ್ಲಿ ಹೆಣ್ಣುಮಕ್ಕಳ ವಸತಿನಿಲಯದ ಮೇಲ್ವಿಚಾರಕಿಯಾಗಿದ್ದಳು, ಮದುವೆಯಾಗಲಿಲ್ಲ. ನಾನು ಚಿಕ್ಕವನಿದ್ದಾಗ ಮನೆಯ ಮಾಡು ಸೋರಿ, ಅಮ್ಮನ ಒಂದೇ ಒಂದು ಫೋಟೋ ಗೋಡೆಗೆ ಅಂಟಿಕೊಂಡು ಹಾಳಾಯಿತು. ಅಂದಿನಿಂದ ಅಕ್ಕನಿಗೆ ಕಾಗದಗಳ ಬಗ್ಗೆ ಒಂದು ಭಯ ಹೊಕ್ಕಿತ್ತು. ನಾನು ಈ ಕೆಲಸಕ್ಕೆ ಬಿದ್ದಾಗ ಅವಳಷ್ಟು ಖುಷಿಪಟ್ಟವರಿಲ್ಲ. "ಇನ್ನು ನಮ್ಮ ಮನೇದು ಒಂದು ಚೂರೂ ನೆನೆಯಲ್ಲ ಬಿಡು" ಅಂದಿದ್ದಳು. ಅವಳ ಚೀಟಿಗೂ ನನ್ನ ಚೀಟಿಗೂ ಅಂಗಡಿಯಲ್ಲಿದ್ದ ಹಾಳೆಗಳಲ್ಲೇ ದಪ್ಪನೆಯದನ್ನು ಹಾಕಿದ್ದೆ.

ಅವಳ ಹೃದಯಕ್ಕೆ ಶಸ್ತ್ರಚಿಕಿತ್ಸೆ ಎಂದು ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದರು. ಅಕ್ಕ ತಾನೇ ಫೋನು ಮಾಡಿದಳು. "ಕುಯ್ಯೋ ಮೊದಲು ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೋ. ಬಸ್ಸು ಗಿಸ್ಸು ಬೇಡ, ಮುಟ್ಟೋದೇ ಇಲ್ಲ. ವಿಮಾನದಲ್ಲಿ ಬಾ." ಜೀವಮಾನದಲ್ಲಿ ಅವಳು ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಅವತ್ತೇ ಮಧ್ಯಾಹ್ನದ ಟಿಕೆಟ್ಟು ತೆಗೆಸಿದೆ.

ವಿಮಾನ ನಿಲ್ದಾಣದ ಬಾಗಿಲಲ್ಲಿದ್ದ ಅಧಿಕಾರಿ ನನ್ನ ಚೀಟಿಯನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಸರ್" ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಹಾಗಾದ್ರೆ ಇದು ನಡೆಯಲ್ಲ. ಮೂಲೇಲಿರೋ ಉಬ್ಬು ಮುದ್ರೆ ಬೆರಳಿಗೆ ಸಿಗಬೇಕು. ಒಂದನೇ ತಾರೀಖಿಂದ ಹೊಸ ನಿಯಮ. ಲ್ಯಾಮಿನೇಷನ್ ಆಗಿದ್ರೆ ತಿದ್ದಿರೋ ಚೀಟಿ ಅಂತ ಲೆಕ್ಕ. ಬೇರೆ ಏನಾದ್ರೂ ಇದ್ಯಾ?"

ಇತ್ತು ಸಾಹೇಬರೇ, ಚೀಲದ ತುಂಬ ಇತ್ತು. ವಾಹನ ಚಾಲನಾ ಪರವಾನಗಿ ತೆಗೆದೆ, ಮತದಾರರ ಚೀಟಿ ತೆಗೆದೆ, ಅಂಗಡಿಯ ನೋಂದಣಿ ಪತ್ರ ತೆಗೆದೆ, ಕೊನೆಗೆ ಶಾಲೆಯ ಪ್ರಮಾಣಪತ್ರವನ್ನೂ ತೆಗೆದೆ. ಒಂದೊಂದೂ ಅವರ ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು. ನನ್ನ ಹಿಂದೆ ನಿಂತಿದ್ದ ಹೆಂಗಸು ನಕ್ಕರು. ಅವರನ್ನು ದೂರುವುದಿಲ್ಲ, ಬೇರೆಯವರದ್ದಾಗಿದ್ದರೆ ನಾನೂ ನಗುತ್ತಿದ್ದೆ.

ಆ ಅಧಿಕಾರಿ ಕೆಟ್ಟವರಲ್ಲ. "ಮೇಲಿಂದು ಕಿತ್ತುಬಿಡಿ, ಒಳಗಿಂದು ತೋರಿಸಿ" ಎಂದರು. ಅದು ಆಗುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಮ್ಮೆ ಬಿಸಿ ತಾಗಿತೆಂದರೆ ಪ್ಲಾಸ್ಟಿಕ್ಕಿನ ಜೊತೆ ಮುಖವೂ ಕಿತ್ತುಬರುತ್ತದೆ. ಅಕ್ಕನ ಕಾಯಿಲೆಯ ವಿಚಾರ ಹೇಳಿದೆ, ಕೈ ಮುಗಿದೆ. "ನಿಮ್ಮನ್ನ ನೋಡಿದ್ರೆ ನಂಬಿಕೆ ಬರತ್ತೆ, ಆದ್ರೆ ನಂಬೋ ಅಧಿಕಾರ ನಂಗಿಲ್ಲ" ಎಂದು ಪಕ್ಕಕ್ಕೆ ನಿಲ್ಲಿಸಿದರು. ಗಾಜಿನಾಚೆ ವಿಮಾನ ಹೊರಟಿತು. ನಾನು ಬಸ್ ನಿಲ್ದಾಣಕ್ಕೆ ಓಡಿದೆ.

ಇಪ್ಪತ್ತಾರು ಗಂಟೆಯ ದಾರಿ. ಬುಧವಾರ ಸಂಜೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ. ಶಸ್ತ್ರಚಿಕಿತ್ಸೆಯ ನಡುವೆಯೇ ಹೋಗಿದ್ದಳು. ಒಳಗೆ ಹೋಗುವ ಮುಂಚೆ ಎರಡು ಸಲ, "ನನ್ನ ತಮ್ಮ ಬಂದನಾ" ಅಂತ ಕೇಳಿದರು ಎಂದು ದಾದಿ ಹೇಳಿದರು.

ಶವಾಗಾರದ ಕಿಟಕಿಯಲ್ಲಿ ಗುಮಾಸ್ತೆಯೊಬ್ಬರು ಕೂತಿದ್ದರು. "ಸಂಬಂಧ ಏನು? ಗುರುತಿನ ಚೀಟಿ ಇದ್ಯಾ?" ಅದೇ ಚೀಟಿ ಮುಂದಿಟ್ಟೆ. ತಿರುಗಿಸಿ ನೋಡಿದರು. "ಎಷ್ಟು ಚೆನ್ನಾಗಿಟ್ಕೊಂಡಿದ್ದೀರಿ. ಜನ ಹರ್ಕಲು ತಂದು ಪ್ರಾಣ ತಿಂತಾರೆ" ಎಂದು ಜೆರಾಕ್ಸ್ ತೆಗೆದುಕೊಂಡು, ಸಹಿ ಹಾಕಿಸಿಕೊಂಡು, ಅಕ್ಕನನ್ನು ಕೊಟ್ಟರು.

ಈಗ ಹೇಳಿ ನಿರ್ದೇಶಕರೇ. ಸತ್ತ ಅಕ್ಕನಿಗೆ ನಾನು ತಮ್ಮ ಎಂದು ಒಪ್ಪಿದ ಚೀಟಿ, ಬದುಕಿದ್ದ ಅಕ್ಕನ ಹತ್ತಿರ ಹೋಗುವುದಕ್ಕೆ ಯಾಕೆ ಸಾಲಲಿಲ್ಲ? ಮುದ್ರೆ ಬೆರಳಿಗೆ ಸಿಗಬೇಕು ಎನ್ನುವ ನಿಯಮಕ್ಕೆ ಕಾರಣವಿರಬಹುದು. ಕಳ್ಳ ಚೀಟಿಗಳ ವಿಚಾರ ನನಗೂ ತಿಳಿಯುತ್ತದೆ. ಆದರೆ ಆ ನಿಯಮ ಬರೆದ ಕೈ, ಅದೇ ಕಟ್ಟಡದ ಕೆಳಮಹಡಿಯ ಮೂರನೇ ಕಿಟಕಿಗೆ ಒಂದು ಚೀಟಿ ಅಂಟಿಸಲಾರದಷ್ಟು ಸೋತಿತ್ತೇ? ನನ್ನ ಮೇಲೂ ನನಗೆ ಸಿಟ್ಟಿದೆ. ಹತ್ತೊಂಬತ್ತು ವರ್ಷ ಊರಿನ ಚೀಟಿಗಳನ್ನೆಲ್ಲ ಕೆಡಿಸಿ, ಕಾಪಾಡಿದೆ ಎಂದುಕೊಂಡಿದ್ದೆ. ಅವರಲ್ಲಿ ಯಾರ ಅಕ್ಕ ಎಲ್ಲಿ ಕಾಯುತ್ತಿದ್ದಾಳೋ ಯಾರು ಬಲ್ಲರು?

ಊರಿಗೆ ಮರಳಿದವನು ಅಂಗಡಿಗೆ ಹಲಗೆ ತೂಗುಹಾಕಿದೆ: ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡುವುದಿಲ್ಲ. ಮರುದಿನವೇ ನಿಮ್ಮ ಜವಾನರು ಮುದುಕರೊಬ್ಬರನ್ನು ಕೈ ಹಿಡಿದು ರಸ್ತೆ ದಾಟಿಸಿ ಕರೆತಂದರು. "ಏನ್ರೀ ಇದು, ಬಂದ ಜನಾನ ವಾಪಸ್ ಕಳಿಸ್ತೀರಂತೆ, ಸೊಕ್ಕಾ?" ಎಂದು ಕೇಳಿದರು. ನಿಯಮ ಹೇಳಿದೆ. "ನಮಗೆ ಗೊತ್ತಿಲ್ದೇ ಇರೋ ನಿಯಮ ನಿಮಗೆ ಹೇಗ್ ಗೊತ್ತಾಯ್ತು?" ಎಂದರು. ನಾನು ಮುದುಕರ ಚೀಟಿಯನ್ನು ಹಾಗೇ ಅವರ ಕೈಗೆ ವಾಪಸ್ ಕೊಟ್ಟೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ನಿಯಮವನ್ನು ಮೂರನೇ ಕಿಟಕಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ನಾನು ಕೆಡಿಸಿದ ಚೀಟಿಗಳಿಗೆ, ಜನರನ್ನು ಅಲೆದಾಡಿಸದೆ, ಹೊಸ ಚೀಟಿ ಕೊಡಿ. ಸತ್ತವರ ಚೀಟಿಯನ್ನು ಮೂವತ್ತು ದಿನದೊಳಗೆ ಇಲಾಖೆಗೆ ಒಪ್ಪಿಸಬೇಕು ಎಂದು ನಿಮ್ಮಿಂದ ನನಗೊಂದು ನೋಟೀಸು ಬಂದಿದೆ. ಅದು ಮಾತ್ರ ತಪ್ಪದೆ ಬಂತು. ಅಕ್ಕನ ಚೀಟಿ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ, ಒಂದು ಚೂರೂ ನೆನೆದಿಲ್ಲ. ಬೇಕಾದರೆ ತಾವೇ ರಸ್ತೆ ದಾಟಿ ಬನ್ನಿ. ಆದರೆ ನಿರ್ದೇಶಕರು ನೀವೇ ಎಂದು ನಾನು ಹೇಗೆ ನಂಬಲಿ? ಬರುವಾಗ ನಿಮ್ಮ ಗುರುತಿನ ಚೀಟಿ ತನ್ನಿ. ಮುದ್ರೆ ನನ್ನ ಬೆರಳಿಗೆ ಸಿಕ್ಕರೆ ಕೊಡುತ್ತೇನೆ.

ಇಂತಿ,
ಅಕ್ಕ ಕೇಳಿದಾಗ ಮುಖ ತೋರಿಸಲಾಗದ ತಮ್ಮ,
ನಿಮ್ಮ ಎದುರಿನ ಲ್ಯಾಮಿನೇಷನ್ ಅಂಗಡಿಯವನು