ರೋಗಿಯ ಕಡೆಯವರು

ಗುರುವಾರ, ಮಧ್ಯಾಹ್ನ

ನನ್ನ ಕಂದಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನೆ ತಾನೇ ಫೋನಿನಲ್ಲಿ ಮಾತಾಡಿದವಳು ಇವತ್ತು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ನಿದ್ದೆ ಬಂತಾ ಎಂಬಲ್ಲಿಗೆ ಮುಗಿಸಿಬಿಡುತ್ತೇವೆ. ಅದರಾಚೆಯ ಮಾತು ನನ್ನ ಬಾಯಿಗೆ ಬರುವುದಿಲ್ಲ. ಕೈಗಾದರೂ ಬರುತ್ತದೇನೋ ಎಂದು ಕೂತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನೀನು ಹೇಳಿದ್ದೇ ಸರಿಯಾಯಿತು, ಈಗ ಕೆಲಸಕ್ಕೆ ಕರೆಗಳು ಬರುತ್ತಿವೆ. ಮುಂಚೆ ನಾನು ಒಂದೇ ಬಯೋಡಾಟಾವನ್ನು ಸಿಕ್ಕಸಿಕ್ಕಲ್ಲಿ ಕೊಟ್ಟು ಬರುತ್ತಿದ್ದೆ. ಅದನ್ನು ರೆಸ್ಯೂಮ್ ಅನ್ನಬೇಕು ಎನ್ನುತ್ತೀಯ, ಆಗಲಿ. ಬಟ್ಟೆ ಅಂಗಡಿಗೂ ಅದೇ, ಶಾಲೆಯ ಅಡುಗೆಮನೆಗೂ ಅದೇ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದೆ, ಆಮೇಲೆ ಮನೆಯಲ್ಲಿದ್ದೆ, ಇಷ್ಟೇ. ಒಬ್ಬರೂ ತಿರುಗಿ ನೋಡಲಿಲ್ಲ. ಆಗ ನೀನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: "ಅಮ್ಮಾ, ನಿನಗೇನು ಗೊತ್ತು ಅಂತ ಯಾರೂ ಕೇಳ್ತಿಲ್ಲ. ಅವರಿಗೇನು ಬೇಕು ಅಂತ ಜಾಹೀರಾತಿನಲ್ಲೇ ಬರೆದಿರ್ತಾರೆ. ಅದನ್ನ ಮೇಲೆ ಹಾಕು, ಅವರಿಗೆ ಬೇಡದ್ದನ್ನ ತೆಗಿ."

ಬಟ್ಟೆ ಅಂಗಡಿಗೆ 'ಗ್ರಾಹಕರೊಂದಿಗೆ ಸೌಜನ್ಯದ ಮಾತುಕತೆ' ಎಂದು ಬರೆದುಕೊಟ್ಟೆಯಲ್ಲ, ಪಕ್ಕದ ಮನೆ ಅಕ್ಕ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಸೌಜನ್ಯವನ್ನು ಆ ತರಕಾರಿಯವನ ಹತ್ತಿರ ವಿಚಾರಿಸಬೇಕು ಕಣೇ ಎಂದಳು. ನಗಲಿ ಬಿಡು, ಅಲ್ಲಿಂದಲೂ ಕರೆ ಬಂತು. ಹೋದೆ. ಕಾರ್ಖಾನೆ ಬಿಟ್ಟ ಮೇಲೆ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿದರು. ನೀನು ಬರೆದಿದ್ದಂತೆ 'ಕೌಟುಂಬಿಕ ಕಾರಣ' ಎಂದೆ. ಆ ಕಾಗದದಲ್ಲಿ ನಿನ್ನ ಅಣ್ಣ ಎರಡು ಪದವಾಗಿದ್ದ. ದಿನವಿಡೀ ನಿಂತೇ ಇರುವ ಕೆಲಸ, ವಯಸ್ಸಾದವರಿಗೆ ಆಗದು ಎಂದು ಕಳಿಸಿದರು.

ಆಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮದ್ದು. ಹಾಸಿಗೆ ಹಿಡಿದವರ ಆರೈಕೆ ಗೊತ್ತಿರಬೇಕು ಎಂದಿತ್ತು. ನೀನು ಫೋನಿಗೆ ಕಳಿಸಿದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿ, ಒಂದನ್ನು ಆಶ್ರಮಕ್ಕೆ ಕೊಟ್ಟು ಬಂದೆ. ಕನ್ನಡಕ ಚೀಲದಲ್ಲಿತ್ತು, ಆಗ ಓದಲಿಲ್ಲ. ಮೊನ್ನೆ ಆಶ್ರಮದವರು ಕರೆದಾಗ ಹೊರಗಿನ ಬೆಂಚಿನ ಮೇಲೆ ಕೂತು ನನ್ನ ಪ್ರತಿ ಓದಿದೆ. 'ಹಾಸಿಗೆ ಹಿಡಿದ ರೋಗಿಯ ಪೂರ್ಣಾವಧಿ ಆರೈಕೆ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ನಳಿಗೆಯಲ್ಲಿ ಆಹಾರ ಕೊಡುವುದು. ಸಹನೆ.' ಯಾರಪ್ಪಾ ಈ ರೋಗಿ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ ಕಂದಾ. ಆಮೇಲೆ ತಿಳಿಯಿತು, ನಿನ್ನ ಅಣ್ಣ. ಬಟ್ಟೆ ಅಂಗಡಿಗೆ ಬೇಡದವನು ಇಲ್ಲಿ ಬೇಕಾಗಿದ್ದ, ಅದಕ್ಕೇ ಎಲ್ಲಕ್ಕಿಂತ ಮೇಲೆ ಬಂದಿದ್ದ.

ನಿನ್ನನ್ನು ದೂರುತ್ತಿಲ್ಲ. ಅದನ್ನು ಟೈಪ್ ಮಾಡುವಾಗ ನಿನ್ನ ಕೈ ಹೇಗೆ ಓಡಿತೋ ದೇವರೇ ಬಲ್ಲ.

ಅಲ್ಲಿಯ ಮೇಲ್ವಿಚಾರಕಿ ಕಡಿಮೆ ಮಾತಿನ ಹೆಂಗಸು. ಕಾಗದವನ್ನು ಪಕ್ಕಕ್ಕಿಟ್ಟು ಒಬ್ಬ ಅಜ್ಜಿಯ ಹತ್ತಿರ ಕರೆದುಕೊಂಡು ಹೋಗಿ, ಇವರನ್ನು ಮಗ್ಗುಲು ಹೊರಳಿಸಿ ನೋಡೋಣ ಎಂದರು. ಹೊರಳಿಸಿದೆ. ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಜ್ಜಿಯ ಬೆನ್ನಿನ ಹುಣ್ಣು ತೋರಿಸಿ, ಮಲಗಿದಲ್ಲೇ ಬಿಟ್ಟರೆ ಹೀಗಾಗುತ್ತದೆ, ನಮ್ಮ ಕೆಲಸದವರೇ ಬಿಟ್ಟದ್ದು ಎಂದು ನೊಂದುಕೊಂಡರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು: "ನೀವು ನೋಡಿಕೊಂಡ ಆ ರೋಗಿಯ ಕಡೆಯವರು ಯಾರಾದ್ರೂ ಇದ್ದಾರಾ? ಅವರನ್ನ ಒಂದು ಮಾತು ಕೇಳದೆ ನಾವು ಯಾರನ್ನೂ ತಗೊಳ್ಳಲ್ಲ."

ನಾನೇ ಅವನ ಕಡೆಯವಳು, ಹೆತ್ತವಳು ಎನ್ನಲಿಲ್ಲ. ಅವನ ತಂಗಿ ಇದ್ದಾಳೆ ಎಂದೆ. ನಿನ್ನ ನಂಬರು ಕೊಟ್ಟು ಬಂದೆ.

ಇದನ್ನು ಹೇಳಲಿಕ್ಕೇ ಈ ಕಾಗದ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತು. ನಾನು ಅವನನ್ನು ಹೇಗೆ ನೋಡಿಕೊಂಡೆ ಎಂದು ನಿನ್ನನ್ನು ಕೇಳುತ್ತಾರೆ.

ಅವನು ಹೋದ ದಿನ ನೀನು ಬಂದ ಬಸ್ಸಿನ ಧೂಳೂ ಕೊಡವದೆ ನಿಂತು ಹೇಳಿದ್ದು ನನಗೆ ಮರೆತಿಲ್ಲ. "ಆಸ್ಪತ್ರೆಯಲ್ಲೇ ಬಿಟ್ಟಿದ್ರೆ ಬದುಕ್ತಿದ್ದ. ನೀನು ಮನೆಗೆ ತಂದು ಕೊಂದೆ ಅಮ್ಮ." ಆ ಮಾತನ್ನು ನೀನು ಮತ್ತೆ ಆಡಲಿಲ್ಲ, ವಾಪಸೂ ತೆಗೆದುಕೊಳ್ಳಲಿಲ್ಲ. ಅವನಿಗೆ ಕೊನೆಯ ಸ್ನಾನ ಮಾಡಿಸುವಾಗ ನಿನ್ನ ನೆರಳು ಬಾಗಿಲಲ್ಲಿತ್ತು. ಒಳಗೆ ಬರಲಿಲ್ಲ. ಸಿಟ್ಟಿದೆ, ಇರಲಿ ಎಂದುಕೊಂಡು ನಾನೊಬ್ಬಳೇ ಮುಗಿಸಿದೆ.

ಕೊನೆಯ ಸಲ ಸೇರಿಸಿದಾಗ ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ ಎಂದಿದ್ದರು. ಆಗ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ ಅವನಿಗೆ, ಆದರೂ "ಮನೆಗೆ ಹೋಗೋಣಮ್ಮ" ಎಂದ. ಕೇಳಿದ್ದು ಅವನೇ. ಹೋದವನ ಮೇಲೆ ಹಾಕಿ ನಾನು ಪಾರಾಗುವುದೇ ಎಂದು ನಿನಗೆ ಹೇಳಿರಲಿಲ್ಲ.

ನನಗೆ ಈ ಕೆಲಸ ಬೇಕು. ನನ್ನ ಬಾಡಿಗೆಯ ಭಾರ ನಿನ್ನ ತಲೆಯಿಂದ ಇಳಿಯಬೇಕು. ಖಾಲಿ ಮಂಚ ನೋಡುತ್ತಾ ಕೂರುವುದೂ ಇನ್ನು ಆಗದು. ಆದರೂ ಒಂದು ಮಾತು ಕೇಳು. ಎದುರಿನವರಿಗೆ ಬೇಕಾದಂತೆ ಮಾತು ಜೋಡಿಸಿ ಕೊಡುವುದು ನಿನಗೆ ಚೆನ್ನಾಗಿ ಗೊತ್ತು. ಈ ಒಂದು ಸಲ ಹಾಗೆ ಮಾಡಬೇಡ. ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಹೇಳು. ಕೊಂದಳು ಎಂದೇ ಇದ್ದರೆ ಹಾಗೇ ಹೇಳು. ಕೆಲಸ ಹೋದರೆ ದೇವರು ಇನ್ನೊಂದು ಬಾಗಿಲು ತೋರಿಸುತ್ತಾನೆ. ನಿನ್ನ ಬಾಯಿಂದ ನನಗಾಗಿ ಅಂಥ ಸುಳ್ಳು ಹೊರಟರೆ ಅದನ್ನು ನಾನು ಯಾರ ಮುಂದೆ ಇಳಿಸಲಿ?

ಸಮಯಕ್ಕೆ ಸರಿಯಾಗಿ ಊಟ ಮಾಡು.

ನಿನ್ನನ್ನೂ ಅವನನ್ನೂ ಒಂದೇ ಮಡಿಲಲ್ಲಿ ಮಲಗಿಸಿದ
ಅಮ್ಮ

ತಾ.ಕ.: ಕಾಗದ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟುತ್ತಿದ್ದೆ, ಮೇಲ್ವಿಚಾರಕಿಯ ಫೋನು ಬಂತು. ಸೋಮವಾರದಿಂದ ಬನ್ನಿ ಎಂದರು. ಬೆಳಿಗ್ಗೆಯೇ ನಿನ್ನ ಹತ್ತಿರ ಮಾತಾಡಿದರಂತೆ. ನೀನು ನನ್ನನ್ನು ಹೊಗಳಲೂ ಇಲ್ಲವಂತೆ, ತೆಗಳಲೂ ಇಲ್ಲವಂತೆ. "ಕೊನೆಯ ದಿನ ಅಣ್ಣನ ಬೆನ್ನು ನೋಡಿದೆ, ಒಂದು ಹುಣ್ಣೂ ಇರಲಿಲ್ಲ" ಎಂದು ಫೋನು ಇಟ್ಟೆಯಂತೆ. ಹಾಗಾದರೆ ಬಾಗಿಲಲ್ಲಿ ನಿಂತು ನೀನು ಅವತ್ತೇ ನೋಡಿದ್ದೆ. ಗುರುತಿಲ್ಲದವರು ಕೇಳಿದರೆಂದು ಹೇಳಿದೆಯಲ್ಲ, ನನಗೇ ಹೇಳಬಹುದಿತ್ತಲ್ಲ ಕಂದಾ.