ನಾಲ್ಕು ಬೆರಳಿನ ಒಳಮಡಿಕೆ

ನನ್ನ ಚಿಕ್ಕಮ್ಮನಿಗೆ,

ನಿನ್ನೆ ಫೋನಿನಲ್ಲಿ ನೀನು ಅಷ್ಟು ಹೇಳಿದ್ದಕ್ಕೆ ನಾನು ಬರೀ "ಹೂಂ" ಅಂದುಬಿಟ್ಟೆ. "ಸಾಹುಕಾರ್ರು ಹೊಸ ಕಟಿಂಗ್ ಮೇಜು ಹಾಕಿಸ್ತಾರಂತೆ ಕಣೇ. ಶಿಬಿರದಿಂದ ಎಂಟು ಜನ ಹೆಂಗಸರನ್ನ ಕರ್ಕೊಂಡು ಬಾ, ನೀನೇ ಕಲಿಸು ಅಂತಾರೆ. ಕಲಿಯೋ ಮೂರು ತಿಂಗಳು ಕೂಲಿ ಇಲ್ಲವಂತೆ. ಖಾಲಿ ಹೊಟ್ಟೇಲಿ ಯಾರು ಕಲೀತಾರೆ ಹೇಳು? ನಾನೂ ಏಳನೇ ಕ್ಲಾಸು ದಾಟದವಳು, ಪಾಠ ಹೇಳೋದು ಅಂದ್ರೆ ಹುಡುಗಾಟವಾ? ಸೋಮವಾರ ಉತ್ತರ ಕೊಡ್ಬೇಕು" ಎಂದೆ ನೀನು. ಆಮೇಲೆ "ಈ ಮೌನಗೌರಿಯನ್ನ ಕೇಳೋದೂ ಒಂದೇ, ಗೋಡೆಯನ್ನ ಕೇಳೋದೂ ಒಂದೇ" ಎಂದು ಬೈದು ಫೋನ್ ಇಟ್ಟುಬಿಟ್ಟೆ. ನನಗೆ ಮಾತು ತಡವಾಗಿ ಬರುತ್ತದೆ ಚಿಕ್ಕಮ್ಮ, ಬಂದರೂ ನಾಲಿಗೆಗಲ್ಲ, ಬೆರಳಿಗೆ. ಅದಕ್ಕೇ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮುಗಿಸಿ, ಅದೇ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಿರಾಶ್ರಿತರ ಶಿಬಿರದಿಂದ ಟೈರ್ ಅಂಗಡಿಯ ಮೇಲಿನ ಆ ಒಂದೇ ಕೋಣೆಗೆ ನಾವು ಐದು ಜನ ಬಂದಾಗ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಮನೆಯ ಗೋಡೆ. ಊರಿನಲ್ಲಿ ಗುಂಡಿನ ಸದ್ದು ಬೀದಿ ದಾಟಿ ನಮ್ಮ ಬಾಗಿಲಿಗೇ ಬಂದ ದಿನ ನೀನು ಹೊಲಿಗೆ ಯಂತ್ರ ಬಿಟ್ಟು ಬಂದಿದ್ದೆ. ಕತ್ತರಿಯೊಂದನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡಿದ್ದೆ. ಪರಿಹಾರ ಕಚೇರಿಯ ರೇಷನ್ನು ಆರು ತಿಂಗಳಿಗೆ ನಿಲ್ಲುವುದಿತ್ತು. ಗೋದಾಮಿನ ಮೂಟೆಗಳು ಚಿಕ್ಕಪ್ಪನ ಬೆನ್ನನ್ನು ಎರಡೇ ವಾರಕ್ಕೆ ಮುರಿದು ಮಲಗಿಸಿದ್ದವು. ಕೆಲಸ ಸಿಗದಿದ್ದರೆ ಮತ್ತೆ ಶಿಬಿರದ ಟೆಂಟು. ಇದನ್ನು ನಾವು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಿನ್ನ ಚಿಕ್ಕ ಮಗ ಮಾತ್ರ ತನ್ನ ಚೀಲ ಬಿಚ್ಚಲು ಒಪ್ಪಿರಲಿಲ್ಲ.

ಆಗ ಸಿಕ್ಕವರು ರೆಡಿಮೇಡ್ ಅಂಗಡಿಯ ಇದೇ ಸಾಹುಕಾರರು. ಪರೀಕ್ಷೆಗೆಂದು ನೀಲಿ ಬಟ್ಟೆಯ ಒಂದು ಸುರುಳಿ ಕೊಟ್ಟು, "ಶಾಲೆ ಲಂಗ. ಅರವತ್ತು ಬರ್ಬೇಕು" ಎಂದರು. ನೀನು ಕತ್ತರಿಸಿದೆ, ಸೀಮೆಸುಣ್ಣದ ಗೆರೆ ಎಳೆದವಳು ನಾನು. ಎಷ್ಟೋ ತಿಂಗಳ ಮೇಲೆ ಬಟ್ಟೆ ಮುಟ್ಟಿದ ಖುಷಿಯಲ್ಲಿ ನಿನ್ನ ಕೈ ತನ್ನಷ್ಟಕ್ಕೆ ಓಡಿತು. ಕೊನೆಯಲ್ಲಿ ಎಣಿಸಿದರೆ ಐವತ್ತೊಂದು.

"ಮಿಕ್ಕ ಒಂಬತ್ತು ಎಲ್ಲಿ ಹೋಯ್ತಮ್ಮಾ? ಮನೆ ಮಕ್ಕಳ ಮೈಮೇಲಾ?" ಎಂದರು ಸಾಹುಕಾರರು. ಯಂತ್ರಗಳೆಲ್ಲ ನಿಂತವು. ಸಾಹಿತ್ಯದಲ್ಲಿ ಪದವಿ ಪಡೆದ ನಾನು ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತಿದ್ದೆ. ನೀನು ಒಂದು ಲಂಗ ಎತ್ತಿಕೊಂಡು, ಅಂಚಿನ ಹೊಲಿಗೆ ಕತ್ತರಿಸಿ, ಮಡಿಕೆ ಬಿಡಿಸಿ ಅವರ ಮುಂದೆ ಹಾಸಿದೆ. ನಾಲ್ಕು ಬೆರಳು ಬಟ್ಟೆ ಒಳಗಿತ್ತು.

"ನಿಮ್ಮ ಒಂಬತ್ತು ಲಂಗ ಇಲ್ಲೇ ಇದೆ ಸಾಹುಕಾರ್ರೇ, ಐವತ್ತೊಂದರ ಅಂಚಲ್ಲಿ. ಕೈತಪ್ಪು ನಂದು. ಕಳ್ಳತನ ಅಲ್ಲ."

ಅವರಿಗೆ ಅರ್ಥವಾಗಲಿಲ್ಲ. ಹೇಗೆ ಆದೀತು? ಗಲಾಟೆ ಶುರುವಾದ ವರ್ಷ ಬಟ್ಟೆ ಅಂಗಡಿಗಳು ಮುಚ್ಚಿದಾಗ ತಾಯಂದಿರು ಮಕ್ಕಳ ಕೈಹಿಡಿದು ನಿನ್ನ ಬಾಗಿಲಿಗೆ ಬರುತ್ತಿದ್ದರು. "ಮುಂದಿನ ವರ್ಷಕ್ಕೂ ಆಗೋ ಹಾಗೆ ಹೊಲಿದುಕೊಡಕ್ಕ" ಎನ್ನುತ್ತಿದ್ದರು. ಮಗು ಬೆಳೆದಂತೆ ಬಿಚ್ಚಿಕೊಳ್ಳಲೆಂದು ಮೊದಲ ವರ್ಷ ನೀನು ಎರಡು ಬೆರಳು ಒಳಗೆ ಮಡಚಿದೆ. ಆಮೇಲೆ ಮೂರು. ನಾವು ಊರು ಬಿಡುವ ಹೊತ್ತಿಗೆ ನಾಲ್ಕು. ಬೇರೆಯವರು ಕಾಳಗವನ್ನು ತಿಂಗಳುಗಳಲ್ಲಿ ಅಳೆದರು, ನೀನು ಬೆರಳುಗಳಲ್ಲಿ ಅಳೆದೆ.

"ಒಂದೇ ಲಂಗ ಎರಡು ವರ್ಷ ಬಾಳಿದ್ರೆ ನನ್ನ ಅಂಗಡಿ ಬಾಳೋದು ಹೇಗಮ್ಮಾ?" ಎಂದರು ಸಾಹುಕಾರರು, ನೀನು ಇದನ್ನೆಲ್ಲ ವಿವರಿಸಿದ ಮೇಲೆ.

"ಮಕ್ಕಳು ಹುಟ್ಟೋದೇನು ನಿಂತಿಲ್ಲವಲ್ಲ ಸಾಹುಕಾರ್ರೇ!"

ಯಂತ್ರಗಳ ಹಿಂದಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಸಾಹುಕಾರರೂ ಮೀಸೆಯೊಳಗೇ ನಕ್ಕು, ಇನ್ನೊಂದು ಸುರುಳಿ ತಳ್ಳಿ, "ಇದೇ ಕೊನೆ. ಅರವತ್ತಕ್ಕೆ ಒಂದು ಕಮ್ಮಿಯಾದ್ರೂ ಈ ಕಡೆ ಬರ್ಬೇಡ" ಎಂದರು. ಮೆಟ್ಟಿಲಿಳಿಯುವಾಗ ನಾನು ಅಳುವುದನ್ನು ನೋಡಿ ನೀನು, "ನನ್ನ ಮಂಡಿ ನಡುಗ್ತಿದ್ದದ್ದು ನಿನಗೂ ಕಾಣಲಿಲ್ವಾ? ಪುಣ್ಯಕ್ಕೆ ಮೇಜು ಅಡ್ಡ ಇತ್ತು" ಎಂದೆ. ಆ ಮಾತು ನನಗೆ ಧೈರ್ಯ ಹೇಳಲಿಕ್ಕೆ ಹುಟ್ಟಿಸಿದ್ದೋ, ನಿಜವೋ, ಇವತ್ತಿಗೂ ತಿಳಿಯದು.

ಎರಡು ದಿನ ನೀನು ಕತ್ತರಿ ಮುಟ್ಟಲಿಲ್ಲ. ಹಳೆಯ ಪೇಪರುಗಳನ್ನು ಅಂಟಿಸಿ ಲಂಗದ ತುಂಡುಗಳ ಆಕಾರ ಮಾಡಿ ನೆಲದ ತುಂಬ ಹರಡಿದೆ. ಮಕ್ಕಳು ಮಂಚದ ಮೇಲೆ, ಚಿಕ್ಕಪ್ಪ ಹೊಸ್ತಿಲ ಮೇಲೆ. ಒಂದರ ಅಗಲದ ತುದಿಯ ಪಕ್ಕ ಇನ್ನೊಂದರ ಕಿರಿದಾದ ತುದಿ, ಸಂದಿಯಲ್ಲಿ ಸೊಂಟದ ಪಟ್ಟಿ. ಇದು ಎಲ್ಲಿಂದ ಹೊಳೆಯಿತು ಎಂದು ನಾನು ಕೇಳಿದರೆ ನೀನು, "ಶಿಬಿರದಲ್ಲಿ ಒಂದೇ ಟೆಂಟಲ್ಲಿ ಎರಡು ಮನೆಯವರು ಮಲಗ್ತಿರಲಿಲ್ವೇನೇ? ಇವರ ತಲೆ ಇದ್ದ ಕಡೆ ಅವರ ಕಾಲು. ಬಟ್ಟೇನೂ ಹಾಗೇ ಮಲಗಿಸ್ಬೇಕು" ಎಂದೆ.

ಅರವತ್ತು ಬಂತು. ಅಷ್ಟೇ ಅಲ್ಲ, ಪ್ರತಿಯೊಂದರ ಅಂಚಿನಲ್ಲೂ ಎರಡು ಬೆರಳು ಮಡಿಕೆ. ನಾಲ್ಕು ಆಗಲಿಲ್ಲವಲ್ಲ ಎಂದು ನೀನು ಪೇಚಾಡಿದೆ. ಸಾಹುಕಾರರು ಒಂದನ್ನು ಮಗುಚಿ ನೋಡಿದರು. "ಅರವತ್ತು ಕೇಳ್ದೆ, ಅರವತ್ತು ಬಂತು. ಒಳಗೇನಿದೆ ಅಂತ ನಾನು ನೋಡಿಲ್ಲ. ನಾಳೆ ಒಂಬತ್ತಕ್ಕೆ ಬಾ" ಎಂದರು. ಆ ಸಂಜೆ ನಿನ್ನ ಚಿಕ್ಕ ಮಗ ತನ್ನ ಅಂಗಿಗಳನ್ನು ಗೂಡಿನಲ್ಲಿ ಜೋಡಿಸಿಟ್ಟ.

ಪಾಠ ಹೇಳಲು ಬರುತ್ತದೆಯೇ ಎಂದು ಕೇಳುತ್ತೀಯಲ್ಲ. ಐದು ವರ್ಷ ನಾನು ದೊಡ್ಡ ದೊಡ್ಡ ಮೇಷ್ಟರುಗಳ ಎದುರು ಕೂತಿದ್ದೇನೆ. ಆ ಟೆಂಟಿನ ಮಾತಿನಷ್ಟು ನೇರವಾಗಿ ತಲೆಗೆ ಇಳಿದ ಪಾಠ ಒಂದೂ ಇಲ್ಲ. ಆ ಎಂಟು ಜನಕ್ಕೆ ಅದನ್ನು ಬಿಡಿಸಿ ಹೇಳುವ ಅಗತ್ಯವೂ ಬೀಳುವುದಿಲ್ಲ. ಅವರೂ ಹಾಗೇ ಮಲಗಿ ಎದ್ದವರು. ಸಾಹುಕಾರರಿಗೆ ಆಗಲಿ ಅನ್ನು.

ಕೂಲಿಯ ಮಾತು ಮಾತ್ರ ಹಾಗೆ ಬಿಡುವಂಥದ್ದಲ್ಲ. ಇದರ ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಕಲಿಯುವವರಿಗೂ ಮೊದಲ ದಿನದಿಂದಲೇ ಕೂಲಿ ಸಿಗಬೇಕು, ಅವರು ಕಲಿಯುತ್ತ ಹೊಲಿದದ್ದನ್ನೂ ಅಂಗಡಿ ಮಾರುತ್ತದಲ್ಲ ಎಂದು ಮರ್ಯಾದೆಯಾಗಿ, ಆದರೆ ಗಟ್ಟಿಯಾಗಿ ಬರೆದಿದ್ದೇನೆ. ಏಳು ಸಲ ತಿದ್ದಿದೆ. ನೀನು ಓದಿ ಹೇಳುವುದು ಬೇಡ. ನಾನು ಭಾನುವಾರದ ಬಸ್ಸಿಗೆ ಬರುತ್ತೇನೆ. ಸೋಮವಾರ ಸಾಹುಕಾರರ ಮುಂದೆ ನಾನೇ ಓದುತ್ತೇನೆ. ಧ್ವನಿ ನಡುಗೀತು. ನಡುಗಿದರೂ ಕೊನೆಯ ಸಾಲಿನ ತನಕ ಓದುತ್ತೇನೆ.

ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ. ನಿನ್ನ ಕೈಗೂ, ಆ ಎಂಟು ಜೊತೆ ಕೈಗಳಿಗೂ ಎಂದೂ ಕೆಲಸ ತಪ್ಪದಿರಲಿ ಎಂದು ನಾನು ಹರಸುತ್ತಿದ್ದೇನೆ. ಬೈಯುವುದಿದ್ದರೆ ಭಾನುವಾರ ಬೈಯಿ.

ನಿನ್ನ ಅಕ್ಕನ ಮಗಳು